ಸೀಟಿ ಕೇಳಿದ ಸಾಕ್ಷಿ

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕಲ್ಲುಗಣಿಯ ಮ್ಯಾನೇಜರರೊಬ್ಬರಿದ್ದರು. ಯಾರೇನು ಕೇಳಿದರೂ ಮೊದಲು ಕೋಟಿನ ಗುಂಡಿ ಹಾಕಿಕೊಂಡು, "ನನ್ನ ಕಡೆಯಿಂದ ಎಲ್ಲಾ ಸರಿಯಾಗೇ ಇದೆ" ಎನ್ನುವರು.

ಒಮ್ಮೆ ಬಂಡೆ ಸಿಡಿಸುವ ಮುನ್ನ ಸೀಟಿ ಊದಿ ಎಚ್ಚರಿಸಲಿಲ್ಲವೆಂದು ಇಲಾಖೆ ಅವರ ಹೆಸರಿಗೇ ದಂಡ ಹಾಕಿತು. ಕಲ್ಲು ಹಾರಿ ಕೂಲಿ ಹೆಂಗಸೊಬ್ಬಳ ಕಾಲು ಮುರಿದಿತ್ತು.

"ಅವಳ ಕಾಲು ಕೂಡ್ಕೊಳ್ಳುತ್ತೆ. ಹೋದ ಹೆಸರು ಕೂಡ್ಕೊಳ್ಳುತ್ತೇನ್ರೀ?" ಎನ್ನುತ್ತ ಮೇಲ್ಮನವಿಯನ್ನು ನನ್ನಿಂದಲೇ ಟೈಪು ಮಾಡಿಸಿದರು.

ವಿಚಾರಣೆಗೆ ನನ್ನನ್ನೂ ಎಳೆದೊಯ್ದರು. ವರ್ಷಗಟ್ಟಲೆ ಬಂಡೆಗೆ ಮದ್ದು ತುಂಬಿದ್ದ ಮುದುಕನೊಬ್ಬನನ್ನು ಮುಂದೆ ನಿಲ್ಲಿಸಿ, "ಸೀಟಿ ಕೇಳಿದವನು ಇವನೇ ಸಾರ್" ಎಂದರು.

"ಕೇಳಿಸ್ತೇನಪ್ಪಾ?" ಎಂದರು ಅಧಿಕಾರಿ. ಮುದುಕ ಸುಮ್ಮನೆ ನಕ್ಕ. ಅಧಿಕಾರಿ ಕೂಗಿ ಕೇಳಿದರು.

"ಇನ್ನೂ ಜೋರಾಗಿ ಹೇಳಿ ಸ್ವಾಮಿ. ಮದ್ದಿನ ಸದ್ದಿಗೆ ಎಲ್ಡೂ ಕಿವಿ ಹೋಗವೆ" ಎಂದ ಮುದುಕ.

ದಂಡ ಹಾಗೇ ಉಳಿಯಿತು. ಬಸ್ಸಿಗೆ ಕಾಯುವಾಗ ಮ್ಯಾನೇಜರರು ಮೆಲ್ಲಗೆ, "ತಪ್ಪು ನಂದೇ ಕಣ್ರೀ" ಎಂದರು. ಕೊನೆಗಾದರೂ ಆ ಹೆಂಗಸು ನೆನಪಾದಳೇನೋ ಎಂದು ನಾನು ಅವರ ಮುಖ ನೋಡಿದೆ.

"ಕಿವಿ ಕೇಳೋನನ್ನ ಕರ್ಕೊಂಡ್ ಬರಬೇಕಿತ್ತು" ಎಂದರು.