ಎರಡೇ ವರ್ಷದಲ್ಲಿ ತುಂಬಿದ ಲಂಡನ್

ಬಿಶಾನ್ ಬಡಾವಣೆಯ ಅಶ್ವತ್ಥನಾರಾಯಣರಿಗೆ ಮಾತು ಒಲಿದಿತ್ತು. ಮೂಲ ಮೈಸೂರು, ಸಿಂಗಾಪುರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಜನಸಂಖ್ಯೆಯಂಥ ಒಣ ಪಾಠದಲ್ಲೂ ಹುಡುಗರನ್ನು ನಗಿಸಬಲ್ಲೆ ಎಂಬ ಹೆಮ್ಮೆ ಅವರದು. ೧೯೯೪ರಲ್ಲಿ ಸೂರತ್ತಿನ ಪ್ಲೇಗಿನ ಸುದ್ದಿ ಬಂದು, ಊರಿಗೆ ಹೊರಟಿದ್ದವರು ಎಷ್ಟೋ ಮಂದಿ ಟಿಕೆಟ್ ಕ್ಯಾನ್ಸಲ್ ಮಾಡಿದ್ದರು. ಹಾಗಾಗಿ ಆ ವರ್ಷದ ರಾಜ್ಯೋತ್ಸವಕ್ಕೆ, ಪ್ಲೇಗು ಕಂಡೂ ಬೆಳೆದ ಲಂಡನ್ನಿನ ಕಥೆ ಹೇಳಿ ಎಂದು ಕನ್ನಡಿಗರ ಕೂಟ ಅವರನ್ನೇ ಕೇಳಿತು.

ಶುರು ಚೆನ್ನಾಗಿಯೇ ಆಯಿತು. ರೋಮನ್ನರು ಕಟ್ಟಿದ ರೇವುಪಟ್ಟಣ, ಅವರು ಹೋದ ಮೇಲೆ ಹಾಳುಬಿದ್ದದ್ದು, ಮತ್ತೆ ಚಿಗುರಿದ್ದು, ಹದಿನಾಲ್ಕನೇ ಶತಮಾನದ ಮಾರಿ ಬಂದು ಮನೆಮನೆ ಬರಿದಾದದ್ದು. ೧೬೬೫ರ ಮಹಾಪ್ಲೇಗಿಗೆ ಬರುವಷ್ಟರಲ್ಲಿ ಸಭೆ ಉಸಿರು ಬಿಗಿಹಿಡಿದಿತ್ತು.

"ಆದ್ರೆ ನೋಡಿ, ಎರಡೇ ವರ್ಷದಲ್ಲಿ ಊರು ಮತ್ತೆ ಫುಲ್! ಹಳ್ಳಿಗಳಿಂದ ಜನ ಬಂದ್ರು. ಹೆಂಡತಿ ಸತ್ತೋರು..."

ಆಗ ಎರಡನೇ ಸಾಲಿನಲ್ಲಿ ಕೂತಿದ್ದ ರಘುನಾಥ್ ಕಣ್ಣಿಗೆ ಬಿದ್ದ. ಹಿಂದಿನ ವರ್ಷವಷ್ಟೇ ಅವನ ಹೆಂಡತಿ ಸೀತಾ ತೀರಿಕೊಂಡಿದ್ದಳು. ಪಕ್ಕದಲ್ಲಿದ್ದವಳು ಹೊಸ ಹೆಂಡತಿ ಮೈಥಿಲಿ. ಅವಳ ತೊಡೆಯ ಮೇಲೆ ಸೀತಾಳ ಪುಟ್ಟ ಮಗಳು ಶ್ರೀಯಾ. ಅಲ್ಲೇ ನಿಲ್ಲಿಸಬಹುದಿತ್ತು. ಆದರೆ ಸಭೆ ನಗಲು ಕಾದಿತ್ತು, ನಾಲಿಗೆ ಕೇಳಲಿಲ್ಲ.

"...ತಿಥಿ ಊಟ ಅರಗೋ ಮೊದ್ಲೇ ಮದುವೆ ಊಟಕ್ಕೆ ಎಲೆ ಹಾಕಿದ್ರು!"

ಸಭೆ ಗೊಳ್ಳೆಂದಿತು. ಮರುಕ್ಷಣ ಒಂದೆರಡು ತಲೆಗಳು ರಘುನಾಥನತ್ತ ತಿರುಗಿದವು. ನಗು ಅರ್ಧಕ್ಕೇ ತುಂಡಾಯಿತು. ಮೈಥಿಲಿ ತಲೆ ತಗ್ಗಿಸಿ ಮಗುವಿನ ಫ್ರಾಕ್ ಸರಿಮಾಡತೊಡಗಿದಳು.

ಮನೆಗೆ ಬಂದ ಮೇಲೆ ಹೆಂಡತಿ ಜಲಜಾ ಕೇಳಿದರು: "ಅವರು ಕೂತಿದ್ದು ನಿಮಗೆ ಕಾಣ್ಲಿಲ್ವಾ?"

"ಲೈಟ್ ಕಣ್ಣಿಗೆ ಹೊಡೀತಿತ್ತು ಕಣೇ."

ಆಡಿದ ಮಾತಿಗಿಂತ ಈ ಸುಳ್ಳು ಹೆಚ್ಚು ಚುಚ್ಚಿತು. ವಾರವಿಡೀ ಅನ್ನ ಸೇರಲಿಲ್ಲ. ಭಾನುವಾರ ಜಲಜಾರನ್ನು ಕರೆದುಕೊಂಡು ಪಾಸಿರ್ ರಿಸ್‌ನಲ್ಲಿದ್ದ ರಘುನಾಥನ ಮನೆಗೆ ಹೋದರು.

"ಅಯ್ಯೋ, ಅಷ್ಟಕ್ಕೆಲ್ಲಾ ಸಾರಿ ಯಾಕೆ ಸರ್? ಬರೀ ಜೋಕ್ ಅಲ್ವಾ," ಎಂದ ರಘುನಾಥ್. ಆ ಒಳ್ಳೆಯತನವನ್ನೇ ಅಶ್ವತ್ಥನಾರಾಯಣರಿಗೆ ತಡೆದುಕೊಳ್ಳಲಾಗಲಿಲ್ಲ.

ಮೈಥಿಲಿ ಕಾಫಿ ತಂದಿಟ್ಟಳು. "ನೀವು ನಮ್ಮನ್ನ ನೋಡೇ ಇರ್ಲಿಲ್ಲ ಅಂತ ಇವರು ಹೇಳ್ತಾನೇ ಇದ್ದಾರೆ. ನೋಡಿರ್ಲಿಲ್ಲ ಅಲ್ವಾ ಅಂಕಲ್?"

ಹೂಂ ಎಂದುಬಿಟ್ಟಿದ್ದರೆ ಎಲ್ಲರೂ ಹಗುರಾಗುತ್ತಿದ್ದರು. ಪಕ್ಕದಲ್ಲೇ ಜಲಜಾ ಇದ್ದರು.

"ನೋಡಿದ್ದೆ ಅಮ್ಮಾ. ನೋಡೇ ಹೇಳ್ದೆ."

ಮೈಥಿಲಿ ಲೋಟವನ್ನು ಅವರತ್ತ ಸರಿಸಿ, "ಕಾಫಿ ಆರ್ತಿದೆ, ಕುಡಿದು ಹೊರಡಿ," ಎಂದಳು. ಅವರು ಬಿಸಿಬಿಸಿಯಾಗಿಯೇ ಗುಟುಕರಿಸಿದರು. ಬಿಶಾನ್ ತಲುಪುವವರೆಗೂ ಜಲಜಾ ಗಂಡನ ಮುಖ ನೋಡಲಿಲ್ಲ.

ಆ ಸಂಸಾರ ಮತ್ತೆ ಕೂಟಕ್ಕೆ ಬರಲಿಲ್ಲ. ಅಶ್ವತ್ಥನಾರಾಯಣರೂ ವೇದಿಕೆ ಹತ್ತಲಿಲ್ಲ. ಯಾರಾದರೂ ಕರೆದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ಜಲಜಾ ಮಾತ್ರ ಮೈಥಿಲಿಯ ಮನೆಗೆ ಹೋಗಿ ಬರುತ್ತಿದ್ದರು. ಇವರು ಜೊತೆಗೆ ಹೋದರೂ ಮೇಲೆ ಹತ್ತದೆ ಕಟ್ಟಡದ ನೆಲಮಟ್ಟದ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಬೆಂಚಿನಲ್ಲಿ ಕಾಯುತ್ತಿದ್ದರು. ಒಂದು ಸಂಜೆ ಮೈಥಿಲಿ ಜಲಜಾರನ್ನು ಬಿಡಲು ಕೆಳಗೆ ಬಂದವಳು, "ಮಳೆ ಬರೋ ಹಾಗಿದೆ, ಬೇಗ ಹೊರಡಿ ಅಂಕಲ್," ಎಂದಳು.

ಅವರು ತಲೆಯಾಡಿಸಿದರು. ಮುಖವೆತ್ತಲು ಮಾತ್ರ ಆಗಲಿಲ್ಲ.