ಹೆಸರೆತ್ತದ ಕಾಯಿಲೆಗೆ ಟಾಪ್-ಅಪ್ ವಿಮೆ

ನಮ್ಮ ಕಡೆ ಕೆಲವು ಹೆಸರುಗಳನ್ನು ಬಾಯಲ್ಲಿ ಆಡುವುದಿಲ್ಲ. ಹಾವನ್ನು ಹುಳ ಅನ್ನುತ್ತಾರೆ. ಮೈಮೇಲೆ ಸಿಡುಬು ಎದ್ದರೆ ಅಮ್ಮ ಬಂದವ್ಳೆ ಅನ್ನುತ್ತಾರೆ. ಹೆಸರು ಹಿಡಿದು ಕರೆದರೆ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂಬ ಭಯ. ನನ್ನ ಗಂಡನಿಗಿರುವ ಮೂರ್ಛೆ ರೋಗಕ್ಕೂ ಮನೆಯಲ್ಲಿದ್ದ ಹೆಸರು ‘ಅದು’ ಅಷ್ಟೇ. ನಾನು ನರ್ಸು. ಕೊಳ್ಳೇಗಾಲದ ನರ್ಸಿಂಗ್ ಹೋಮಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಯಿಲೆಗಳ ಹೆಸರನ್ನು ಸೊಪ್ಪು ಮಾರುವವಳಂತೆ ಕೂಗುತ್ತಿದ್ದವಳು, ಮಧುವನಹಳ್ಳಿಯ ಮನೆಯ ಹೊಸ್ತಿಲು ದಾಟಿದ ಕೂಡಲೇ ನಾನೂ ‘ಅದು’ ಅನ್ನುತ್ತಿದ್ದೆ. ಅತ್ತೆಯ ಮನೆ, ಅತ್ತೆಯ ಕಾನೂನು.

ಅತ್ತೆ ಮೋಸಗಾತಿಯಲ್ಲ. ಮದುವೆಗೆ ಮೊದಲೇ ನನ್ನ ತಾಯಿಯನ್ನು ಹಿತ್ತಲಿಗೆ ಕರೆದು, “ನನ್ ಮಗುನ್ಗೆ ಅದೊಂದದೆ ಕಣವ್ವ, ಮಾತ್ರೆ ತಕತಾನೆ” ಎಂದು ತಿಳಿಸಿದ್ದರು. ನಾನು ತಿಳಿದೇ ಒಪ್ಪಿದ್ದೆ. ಆದರೆ ಊರಿಗೆ ತಿಳಿಯಬಾರದಿತ್ತು. ಗಂಡನ ಹೊಲಿಗೆ ಅಂಗಡಿ ಯಳಂದೂರಿನಲ್ಲಿ. ಅಲ್ಲಿ ಮಾತ್ರೆ ಕೊಂಡರೆ ಗಿರಾಕಿಗಳು ನೋಡುತ್ತಾರೆ, ಕೊಳ್ಳೇಗಾಲದಲ್ಲಿ ಕೊಂಡರೆ ನೆಂಟರು ನೋಡುತ್ತಾರೆ ಅಂತ ಈ ಮಹಾನುಭಾವರು ಬಸ್ಸು ಹತ್ತಿ ಹನೂರಿಗೆ ಹೋಗಿ ತರುತ್ತಿದ್ದರು. ಅಲ್ಲಿಯ ಮೆಡಿಕಲ್ ಶಾಪಿನವನು ಇವರನ್ನು ತಮಿಳರೇ ಹೆಚ್ಚಿರುವ ಮಾರ್ಟಳ್ಳಿ ಕಡೆಯವರೆಂದುಕೊಂಡು ತಮಿಳಿನಲ್ಲಿ ಮಾತಾಡಿಸುತ್ತಿದ್ದ. ಗುಟ್ಟು ಬಿಡಲಾರದೆ ಇವರೂ ಬಾರದ ತಮಿಳಿನಲ್ಲಿ ತಲೆಯಾಡಿಸಿ ಬರುತ್ತಿದ್ದರು. ನಾನು ಎಷ್ಟು ಆಡಿಕೊಂಡು ನಕ್ಕರೂ ಬದಲಾಗಲಿಲ್ಲ.

ಹೀಗಿರುವಾಗ ನನಗೆ ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಮಗೆ ಮಕ್ಕಳಿಲ್ಲ. ಇಬ್ಬರೂ ಹೋಗಿ ಅಲ್ಲೇ ನೆಲೆ ನಿಲ್ಲೋಣ ಎಂದುಕೊಂಡೆವು. ಅತ್ತೆಗೆ ಪಕ್ಕದ ಮನೆಯಲ್ಲೇ ಹಿರಿಮಗನ ತುಂಬು ಸಂಸಾರವಿತ್ತು, ಆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಗಂಡನದು. ಅಲ್ಲಿನ ಆಸ್ಪತ್ರೆಯವರು ಕೊಡುವ ವಿಮೆ ನನಗೆ ಸಾಕು. ಗಂಡನಿಗೆ ಅದರಲ್ಲಿ ನೆಗಡಿ ಕೆಮ್ಮಿಗೆ ತೋರಿಸಿಕೊಳ್ಳುವಷ್ಟು ಮಾತ್ರ. ಆಂಬುಲೆನ್ಸ್ ಕರೆಸಬೇಕಾದರೆ, ಆಸ್ಪತ್ರೆಗೆ ಸೇರಿಸಬೇಕಾದರೆ, ಅದರ ಮೇಲೆ ನಾವೇ ದುಡ್ಡು ಕಟ್ಟಿ ಕೊಳ್ಳುವ ಟಾಪ್-ಅಪ್ ವಿಮೆ ಇರಬೇಕು. ಕೊಳ್ಳೇಗಾಲದ ಏಜೆಂಟ್ ಮುಖಕ್ಕೆ ಹೊಡೆದಂತೆ ಹೇಳಿದ: “ಇರೋ ಕಾಯಿಲೆ ಮುಚ್ಚಿಟ್ರೆ ಪಾಲಿಸಿ ಇದ್ದೂ ಇಲ್ದಂಗೆ ಮೇಡಂ. ಏಳುದ್ರೆ, ತಕಂಡ್ರೂ ತಕಂಡ್ರು, ಬ್ಯಾಡ ಅಂದ್ರೂ ಅಂದ್ರು.” ಬೇಡ ಅಂದರೆ ಗಂಡನನ್ನು ಪರದೇಶಕ್ಕೆ ಕರೆದೊಯ್ಯುವ ಧೈರ್ಯ ನನಗಿಲ್ಲ. ಅವರನ್ನು ಬಿಟ್ಟು ಒಬ್ಬಳೇ ಹೋಗುವವಳೂ ನಾನಲ್ಲ. ಒಟ್ಟಿನಲ್ಲಿ ಆ ವಿಮೆ ಸಿಕ್ಕರೆ ನಮ್ಮ ಪ್ರಯಾಣ, ಇಲ್ಲದಿದ್ದರೆ ಇಲ್ಲ.

ವಿಮೆ ಕಂಪನಿಯ ಡಾಕ್ಟರು ಒಂದು ಭಾನುವಾರ ಫೋನ್ ಮಾಡಿದರು. ಹೆಣ್ಣುಮಗಳು, ಮಾತು ಮೃದು. ಫೋನನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿಟ್ಟೆವು. ಅತ್ತೆ ಪಕ್ಕದಲ್ಲೇ ಅವರೆಕಾಳು ಹಿಸುಕುತ್ತಾ ಕೂತಿದ್ದರು. “ನಿಮಗೆ ಯಾವುದಾದರೂ ಕಾಯಿಲೆ ಇದೆಯಾ?” ಎಂದು ಡಾಕ್ಟರು ಕೇಳಿದರು.

“ಏನೂ ಇಲ್ಲ ಮೇಡಂ. ಮಾದಪ್ಪ ಮಡಗ್ದಂಗಿವ್ನಿ,” ಅಂದರು ನನ್ನ ಗಂಡ.

“ಬಿಪಿ, ಶುಗರ್, ಫಿಟ್ಸ್?”

ಅತ್ತೆಯ ಕೈ ನಿಂತಿತು. ಗಂಡ ನನ್ನ ಕಡೆ ನೋಡದೆ “ಇಲ್ಲ” ಅಂದರು. ದಿನಾ ಮಾತ್ರೆ ತಗೊಳ್ತೀರಾ ಅಂದರೆ ಅದಕ್ಕೂ “ಇಲ್ಲ”. ನಾನು ಬಾಯಿ ತೆರೆಯುವಷ್ಟರಲ್ಲಿ, ಏನಾದರೂ ತಿದ್ದುವುದಿದ್ದರೆ ನಾಳೆ ಸಂಜೆಯೊಳಗೆ ಇದೇ ನಂಬರಿಗೆ ಹೇಳಿ ಎಂದು ಆಕೆ ಫೋನಿಟ್ಟರು.

ನನಗೆ ಪಿತ್ತ ನೆತ್ತಿಗೇರಿತು. “ಇದೇನ್ರೀ ಮಾಡಿದ್ರಿ?” ಅಂದೆ.

“ಪಯಣ ಒರಡೋ ಒತ್ನಲ್ಲಿ ಅದ್ರ ಎಸ್ರೆತ್ತಕ್ಕಾದದಾ?” ಅಂದರು ಗಂಡ, ನಾನೇ ಬುದ್ಧಿಯಿಲ್ಲದವಳು ಎಂಬಂತೆ.

“ಹೆಸರೆತ್ತದೆ ಹೋದ್ರೆ ಅದಕ್ಕೆ ದಾರಿ ಸಿಗಲ್ವಾ? ಅದೇನು ಪಾಸ್‌ಪೋರ್ಟ್ ಮಾಡಿಸ್ಕೊಂಡು ಬರ್ತದಾ?”

ಅವರು ಯಾರದೋ ರವಿಕೆಗೆ ಗುಂಡಿ ಹಾಕಲು ಕೂತರು. ಸಿಟ್ಟು ಬಂದರೆ ಅವರದು ಸೂಜಿ, ನನ್ನದು ಬಾಯಿ. ಹೋಗುವುದೇ ಬೇಡ, ಮಸ್ಕತ್ತೂ ಬೇಡ, ಮಣ್ಣಂಗಟ್ಟಿಯೂ ಬೇಡ ಎಂದು ಕೂಗಾಡಿದೆ. ಅತ್ತೆ ಅವರೆಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು. ಅವರೂ ಮಗನ ಕಡೆಯೇ ಅಂದುಕೊಂಡೆ.

ಮಾರನೆಯ ಬೆಳಗ್ಗೆ ಅತ್ತೆ ಸ್ನಾನ ಮಾಡಿ ಮಾದಪ್ಪನ ಪಟದ ಮುಂದೆ ದೀಪ ಹಚ್ಚಿದರು. ಅವತ್ತು ಸೋಮವಾರ, ಮಾದಪ್ಪನದೇ ದಿನ. ಹಣೆಗೆ ವಿಭೂತಿ ಇಟ್ಟುಕೊಂಡು, “ಎಸ್ರೆತ್ತೀನಿ ಕಣಪ್ಪ, ಸಿಟ್ಟಾಗ್ಬ್ಯಾಡ” ಎಂದು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, “ಆ ಡಾಕ್ಟ್ರಮ್ಮುನ್ಗೆ ಪೋನಾಕವ್ವ” ಅಂದರು.

ನಾನು ಫೋನ್ ಮಾಡಿ ಸ್ಪೀಕರಿಗೆ ಹಾಕಿ ಕೊಟ್ಟೆ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನಾನು ಅವನ್ ತಾಯಿ ಕಣವ್ವ. ನನ್ ಮಗ ನಿನ್ನೆ ನಿಮ್ಗೆ ಸುಳ್ಳೇಳವ್ನೆ. ಅವನ್ಗೆ ಮೂರ್ಛೆ ರೋಗ ಅದೆ.” ಚಿಕ್ಕಂದಿನಲ್ಲಿ ಗದ್ದೆ ಬದುವಿನ ಮೇಲೆ ಬಿದ್ದದ್ದನ್ನು ಹೇಳಿದರು. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತವಾಗಿದ್ದನ್ನು ಹೇಳಿದರು. ಮದುವೆಯಾದ ಮೇಲೆ ಎರಡೇ ಸಲ ಬಂದದ್ದನ್ನೂ ಹೇಳಿದರು. “ಮಾತ್ರೆ ತಪ್ಸಕಿಲ್ಲ. ಯಾರ್ಗೂ ತಿಳೀದಂಗೆ ಅನೂರ್ಗೋಗಿ ತತ್ತಾನೆ” ಎಂದಾಗ ಗಂಡ ಬೆಚ್ಚಿ ನೋಡಿದರು. ಹನೂರಿನ ಗುಟ್ಟು ನಮ್ಮಿಬ್ಬರಿಗೇ ಗೊತ್ತು ಎಂದುಕೊಂಡಿದ್ದರು ಪಾಪ.

ಡಾಕ್ಟರು ಎಲ್ಲ ಕೇಳಿ, “ಅಮ್ಮಾ, ನೀವು ಹೇಳಿದ್ದು ಒಳ್ಳೇದಾಯ್ತು. ಆದರೆ ಇದನ್ನ ಅವರ ಬಾಯಿಂದಲೇ ಕೇಳಬೇಕು” ಅಂದರು. ಅತ್ತೆ ಫೋನನ್ನು ಮಗನ ಕಡೆ ಚಾಚಿದರು. ಕಾದ ಕಾವಲಿ ಕೊಟ್ಟರೇನೋ ಎಂಬಂತೆ ಅವರು ಹಿಂದೆ ಸರಿದರು. ಅತ್ತೆ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಗಂಡ ಫೋನ್ ತೆಗೆದುಕೊಂಡರು. “ಹೌದು ಮೇಡಂ. ನನಗೆ ಮೂರ್ಛೆ ರೋಗ ಇದೆ,” ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕೆಲವು ದಿನ ಜೀವ ಕೈಯಲ್ಲಿ ಹಿಡಿದು ಕಾದೆವು. ವಿಮೆ ಸಿಕ್ಕಿತು. ಈ ಕಾಯಿಲೆಗೆ ಮಾತ್ರ ಮೊದಲ ವರ್ಷ ಏನೂ ಸಿಗುವುದಿಲ್ಲ, ಆಮೇಲೆ ಅದಕ್ಕೂ ಸಿಗುತ್ತದೆ. ಬೆಟ್ಟ ಹತ್ತಿ ಇಳಿದಷ್ಟು ಹಗುರವಾಯಿತು. ಹೊರಡುವ ಮುಂಚೆ ಅತ್ತೆಯನ್ನು ಕೇಳಿಯೇ ಕೇಳಿದೆ, ಇಷ್ಟು ವರ್ಷ ಎತ್ತದ ಹೆಸರನ್ನು ಅವತ್ತು ಹೇಗೆ ಎತ್ತಿದಿರಿ ಅಂತ.

“ಅಲ್ಲಿ ಅವ್ನು ಬಿದ್ರೆ ಇಡ್ಕಳಕ್ಕೆ ನಾನಿರಕಿಲ್ಲ. ಯಾರ್ಗೂ ಏಳ್ದೆ ಓದ್ರೆ ನೀನೊಬ್ಳೇ ಇಡ್ಕಬೇಕಲ್ಲವ್ವ,” ಅಂದರು.

ನಾನು ಸುಲಭಕ್ಕೆ ಯಾರ ಕಾಲಿಗೂ ಬೀಳುವವಳಲ್ಲ. ಅವತ್ತು ಬಿದ್ದೆ. ಮಗನನ್ನು ನೆನೆದು ಆಡಿದ ಮಾತಾಗಿದ್ದರೆ ಅದು ತಾಯಿಕರುಳು ಅನ್ನುತ್ತಿದ್ದೆ. ಆದರೆ ಅವರು ನೆನೆದದ್ದು ನನ್ನನ್ನು. ಆ ಋಣ ನನ್ನ ಮೇಲೆ ಇದ್ದೇ ಇದೆ, ತೀರಿಸುವ ಆಸೆಯೂ ನನಗಿಲ್ಲ.

ಮಸ್ಕತ್‌ಗೆ ಬಂದ ಮೇಲೆ ಗಂಡ ಒಂದು ಹೊಲಿಗೆ ಅಂಗಡಿಗೆ ಸೇರಿದರು. ಪಕ್ಕದ ಮಿಷನ್ನಿನಲ್ಲಿ ಕೂರುವವರು ಬಾಂಗ್ಲಾದೇಶದವರೊಬ್ಬರು, ನಮ್ಮದೇ ವಯಸ್ಸಿನವರು. ಸೇರಿದ ದಿನವೇ ಇವರು ಅವರಿಗೆ ತಮ್ಮ ಕಾಯಿಲೆಯನ್ನು ಹೇಳಿದರಂತೆ. ಬಿದ್ದರೆ ಕೈಗೆ ಕಬ್ಬಿಣ ಕೊಡಬೇಡ, ಬಾಯಿಗೆ ಏನೂ ತುರುಕಬೇಡ, ಮಗ್ಗುಲಾಗಿ ಮಲಗಿಸು ಎಂದು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ತಿಳಿಸಿದರಂತೆ. ನಾನು ಕೇಳಿ ಬಾಯಿಬಿಟ್ಟುಕೊಂಡು ಕೂತೆ.

ಎರಡನೆಯ ವರ್ಷ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಗಂಡನಿಗೆ ಮೂರ್ಛೆ ಬಂತು. ಸುದ್ದಿ ಕೇಳಿ ನಾನು ಓಡಿ ಹೋಗುವಷ್ಟರಲ್ಲಿ ಆ ಮನುಷ್ಯ ಕತ್ತರಿಗಳನ್ನೆಲ್ಲ ದೂರ ಸರಿಸಿ, ಇವರನ್ನು ಮಗ್ಗುಲಿಗೆ ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಟಾಪ್-ಅಪ್ ಕಾರ್ಡ್ ನೋಡಿ ಕೂಡಲೇ ಸೇರಿಸಿಕೊಂಡರು, ಯಾರೂ ಎರಡು ಮಾತಾಡಲಿಲ್ಲ. ಸಂಜೆಯ ಹೊತ್ತಿಗೆ ಗಂಡ ಎದ್ದು ಕೂತು ಚಹಾ ಕೇಳಿದರು.

ಅತ್ತೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದರು:

“ತಲೆ ಇಡ್ಕಂಡಿದ್ನಲ್ಲ, ಅವನ್ ತಾಯಿ ಬದ್ಕವ್ಳಾ?”

“ಇದಾರಂತೆ ಅತ್ತೆ, ಅವರೂರಲ್ಲಿ.”

“ಆವಮ್ಮ ಚೆಂದಾಗಿರ್ಲಿ ಕಣವ್ವ. ನಾನಿಲ್ದೆ ಇದ್ದ ಕಡೆ ಅವ್ಳ ಮಗ ಇದ್ದ.”