ಎರಡು ಕಡ್ಡಿಯ ಗಿಡ

ಓನರ್ ಆಂಟಿಯ ಹಣೆಯ ಮೇಲೆ ವಿಭೂತಿಯ ಮೂರು ಬಿಳಿ ಗೆರೆಗಳಿರುತ್ತಿದ್ದವು. ಬೆಳಿಗ್ಗೆ ಎಂಟರ ಹೊತ್ತಿಗೆ ಅವುಗಳ ಮೇಲೆ ಅಡ್ಡಾದಿಡ್ಡಿಯಾಗಿ ಒಂದು ಕರಿ ಗೆರೆಯೂ ಬಿದ್ದಿರುತ್ತಿತ್ತು. ಅವರು ಬೆಳೆಸುತ್ತಿದ್ದ ಆರ್ಕಿಡ್ ಗಿಡಗಳನ್ನು ಮಣ್ಣಿನಲ್ಲಿ ನೆಡುವುದಿಲ್ಲ. ಇದ್ದಿಲು ಮತ್ತು ಇಟ್ಟಿಗೆ ಚೂರುಗಳ ನಡುವೆ ಕೂರಿಸುತ್ತಾರೆ. ಇದ್ದಿಲು ಒಡೆದ ಕೈಯಲ್ಲೇ ಬೆವರು ಒರೆಸಿಕೊಂಡು, ಅದೇ ಅವತಾರದಲ್ಲಿ ತಿಲಕ್ ನಗರದ ತಮ್ಮ ಹಾರ್ಡ್‌ವೇರ್ ಅಂಗಡಿಗೆ ಹೊರಟುಬಿಡುತ್ತಿದ್ದರು. ಮೊಳೆ, ವೈರು ಕೊಳ್ಳಲು ಬಂದ ಗಿರಾಕಿಗಳು ಆ ಹಣೆಯನ್ನು ನೋಡಿ ಸುಮ್ಮನಾಗುತ್ತಿದ್ದರು. ಹೇಳುವ ಧೈರ್ಯ ಯಾರಿಗಿತ್ತು?

ಬಿಟಿಎಂ ಲೇಔಟಿನ ಅವರ ಮನೆಯ ಟೆರೇಸಿನ ಮೇಲಿನ ಒಂಟಿ ರೂಮಿಗೆ ನಾನು ಬಾಡಿಗೆಗೆ ಬಂದೆ. ಊರು ಬಾಗಲಕೋಟೆ, ಕೆಲಸ ಬನ್ನೇರುಘಟ್ಟ ರಸ್ತೆಯ ಒಂದು ಲ್ಯಾಬಿನ ರಿಸೆಪ್ಷನ್ನಿನಲ್ಲಿ. ಓನರ್ ಆಂಟಿ ಎಂದರೆ ನೀರು ಪೋಲು ಮಾಡಬೇಡ, ಲೈಟು ಆರಿಸು ಎನ್ನುವವರು ಎಂದುಕೊಂಡಿದ್ದೆ. ಇವರಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. ಟೆರೇಸಿನ ಹಸಿರು ನೆಟ್ಟಿನ ಕೆಳಗೆ ನೂರಾರು ಗಿಡಗಳು ತೂಗುತ್ತಿದ್ದವು. ಅವುಗಳ ನಡುವೆ ಬಟ್ಟೆ ಒಣಹಾಕಲು ನನಗೆ ಸಿಕ್ಕಿದ್ದು ಒಂದೇ ಒಂದು ಹಗ್ಗ.

ಮೊದಲ ಡಿಸೆಂಬರಿನಲ್ಲೇ ನಾನು ಘನಕಾರ್ಯ ಮಾಡಿದೆ. ಒಂದು ಮರದ ತುಂಡಿಗೆ ಐದು ಒಣಕಡ್ಡಿಗಳನ್ನು ಕಟ್ಟಿ ನೇತುಹಾಕಿದ್ದರು. ಒಂದೆಲೆಯೂ ಇರಲಿಲ್ಲ. ಉಪಕಾರ ಮಾಡೋಣವೆಂದು ಕಿತ್ತು ಕಸದ ಚೀಲಕ್ಕೆ ಹಾಕಿದೆ.

“ಏನಮ್ಮ, ಇಲ್ಲಿದ್ದ ಗಿಡ ಎಲ್ಲಿ?”

“ಒಣಗಿದ್ದೂವಲ್ರೀ ಆಂಟಿ, ಕಸಕ್ಕ ಹಾಕೀನ್ರಿ.”

ಅವರು ನನ್ನನ್ನು ಬೈಯಲೂ ನಿಲ್ಲಲಿಲ್ಲ. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನ ಚಪ್ಪಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಓಡಿದರು. ಮೂಲೆಯಲ್ಲಿ ಕಸದ ಆಟೋ ನಿಲ್ಲಿಸಿ, ಬಾಳೆಸಿಪ್ಪೆ, ಅನ್ನದ ನಡುವೆ ಕೈಹಾಕಿ ಕಡ್ಡಿಗಳನ್ನು ಹುಡುಕಿ ತಂದರು. ಮೂರು ಮುರಿದಿದ್ದವು.

“ಚಳಿಗಾಲದಲ್ಲಿ ಇದು ಎಲೆ ಉದುರಿಸ್ಕೊಂಡು ಮಲಗತ್ತೆ. ಮಲಗಿದೋರನ್ನ ಯಾರಾದ್ರೂ ಕಸಕ್ಕೆ ಹಾಕ್ತಾರಾ?” ಎಂದರು. ರೂಮು ಖಾಲಿ ಮಾಡು ಎನ್ನುತ್ತಾರೆಂದು ಕಾದೆ. ಅವರು ಉಳಿದ ಎರಡು ಕಡ್ಡಿಗಳನ್ನು ತುಂಡಿಗೆ ಮತ್ತೆ ಕಟ್ಟಿ ನನ್ನ ಬಾಗಿಲ ಪಕ್ಕ ನೇತುಹಾಕಿದರು. “ಇನ್ಮೇಲೆ ಇದು ನಿಂದು. ಬದುಕಿಸು.”

ಆಮೇಲೆ ತಿಳಿಯಿತು ಅದು ಎಂಥ ಗಿಡವೆಂದು. ಸಕಲೇಶಪುರದ ಕಡೆ ರಸ್ತೆ ಅಗಲ ಮಾಡಲು ಉರುಳಿಸಿದ ಮರದ ಕೊಂಬೆಯಿಂದ, ಅರಣ್ಯ ಇಲಾಖೆಯವರನ್ನು ಕೇಳಿ ಬಿಡಿಸಿ ತಂದದ್ದು. ಇಲ್ಲಿಗೆ ಬಂದಮೇಲೆ ಒಮ್ಮೆಯೂ ಹೂ ಬಿಟ್ಟಿರಲಿಲ್ಲ. ಪ್ರತಿವರ್ಷ ನಗರದಲ್ಲಿ ಆರ್ಕಿಡ್ ಪ್ರದರ್ಶನ ನಡೆದಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಅಂಗೈಯಗಲದ ನೇರಳೆ ಹೂವುಗಳ ಮುಂದೆ ನಿಂತು, “ಇವೆಲ್ಲ ಲ್ಯಾಬಲ್ಲಿ ಹುಟ್ಟಿದ ಮಕ್ಕಳು. ಚೆನ್ನಾಗಿವೆ, ಪಾಪ. ನಮ್ಮ ಕಾಡಿಂದು ಒಂದಾದ್ರೂ ಈ ಟೇಬಲ್ ಮೇಲೆ ಕೂತ್ಕೋಬೇಕು ಕಣಮ್ಮ” ಎನ್ನುತ್ತಿದ್ದರು. ಗೇಟಿನ ಹೊರಗೆ ಒಬ್ಬ ಕಾಡಿನ ಗಿಡಗಳನ್ನೇ ಗೋಣಿಚೀಲದಲ್ಲಿ ತುಂಬಿಕೊಂಡು ಮಾರುತ್ತಿದ್ದ. ಎರಡು ಕೊಳ್ಳೋಣ ಎಂದೆ. “ನಾವು ತಗೊಂಡ್ರೆ ನಾಳೆ ಇನ್ನೊಂದು ಚೀಲ ಕಿತ್ಕೊಂಡು ಬರ್ತಾನೆ” ಎಂದು ನನ್ನ ಕೈಹಿಡಿದು ಎಳೆದುಕೊಂಡೇ ಬಂದರು.

ನನ್ನ ಗಿಡ ಸಾಯಲಿಲ್ಲ, ಬೆಳೆಯಲೂ ಇಲ್ಲ. ಪ್ರತಿ ಮಳೆಗಾಲ ಒಂದು ಹೊಸ ಕಡ್ಡಿ ಬರುತ್ತಿತ್ತು, ಹಳೆಯದೊಂದು ಒಣಗುತ್ತಿತ್ತು. ನಾಲ್ಕನೇ ಚಳಿಗಾಲದಲ್ಲಿ ಬರಿ ಕಡ್ಡಿಯ ಗೆಣ್ಣಿನಲ್ಲಿ ಮೊಗ್ಗು ಕಂಡಿತು. ಅದೇ ತಿಂಗಳು ಆಂಟಿಗೆ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಗಿತ್ತು. ಡಾಕ್ಟರು ಮಾಡುವಂಥದ್ದೇನೂ ಉಳಿದಿಲ್ಲವೆಂದು ಮನೆಗೆ ಕಳಿಸಿದ್ದರು. ದಾವಣಗೆರೆಯಿಂದ ಮಗಳು ಬಂದು ನೋಡಿಕೊಳ್ಳುತ್ತಿದ್ದಳು.

“ಆಂಟಿ, ಮೊಗ್ಗಿ ಬಂದೈತ್ರಿ.”

ಅವರು ಮೊಣಕೈಯೂರಿ ಏಳಲು ನೋಡಿದರು. “ಎಷ್ಟು ಕಡ್ಡಿ ಇವೆ?”

“ಎರಡ ಅದಾವ್ರಿ.”

ಮತ್ತೆ ಮಲಗಿದರು. “ಹಾಗಾದ್ರೆ ಚಿವುಟಿಬಿಡು. ಎರಡೇ ಕಡ್ಡೀಲಿ ಹೂ ಬಿಟ್ರೆ, ಮಳೆಗಾಲಕ್ಕೆ ಚಿಗುರೋಕೆ ಶಕ್ತಿ ಎಲ್ಲಿರತ್ತೆ? ಗಿಡಾನೇ ಹೋಗತ್ತೆ. ಮೂರಾಗ್ಲಿ, ಆಮೇಲೆ ನೋಡೋಣ.”

ಸೊರಗಿದ ಗಿಡದ ಮೊಗ್ಗನ್ನು ಚಿವುಟುವುದು ಅವರ ನಿಯಮ. ಪ್ರದರ್ಶನಕ್ಕೆ ಎರಡು ದಿನವಿರುವಾಗಲೂ ಕಣ್ಣು ಮಿಟುಕಿಸದೆ ಚಿವುಟಿದ್ದನ್ನು ನೋಡಿದ್ದೇನೆ. ನಾನು “ಆತ್ರಿ” ಎಂದೆ. ಚಿವುಟಲಿಲ್ಲ. ಅವರಿಗೆ ಆ ‘ಆಮೇಲೆ’ ಇರಲಿಲ್ಲವಲ್ಲ. ಇಷ್ಟು ವರ್ಷ ಕಾದ ಹೂವನ್ನು ಒಮ್ಮೆ ನೋಡಿಕೊಂಡು ಹೋಗಲಿ, ಗಿಡಕ್ಕೇನಾದರೂ ಆಗಲಿ ಎನಿಸಿತು.

ಎರಡು ವಾರಕ್ಕೆ ಹೂ ಅರಳಿತು. ಮರದ ತುಂಡನ್ನೇ ಇಳಿಸಿಕೊಂಡು ಅವರ ಹಾಸಿಗೆಯ ಹತ್ತಿರ ಒಯ್ದೆ. ಬಹಳ ಹೊತ್ತು ನೋಡಿದರು.

“ಬೆಳ್ಳಗಿದೆ,” ಎಂದರು. “ಸ್ವಲ್ಪ ಗುಲಾಬಿ ಇರತ್ತೆ ಅಂದ್ಕೊಂಡಿದ್ದೆ.”

ನನಗೆ ಖುಷಿಯಾಯಿತು. ಅಷ್ಟರಲ್ಲಿ ಅವರ ಬೆರಳು ಕಡ್ಡಿಗಳನ್ನು ಎಣಿಸಿತು. “ಚಿವುಟು ಅಂದಿದ್ನಲ್ಲಮ್ಮ.”

“ನೀವು ನೋಡ್ಲಿ ಅಂತ ಬಿಟ್ಟೇನ್ರಿ.”

“ನಾನು ನೋಡಿ ಏನ್ ಮಾಡ್ಲಿ? ನಾನು ಹೋಗೋಳು. ಅದು ಇರ್ಬೇಕಾದ್ದು.”

ಕತ್ತರಿ ಕೇಳಿದರು. ಒಂದು ಗಿಡದ ರೋಗ ಇನ್ನೊಂದಕ್ಕೆ ದಾಟಬಾರದೆಂದು ಕತ್ತರಿಯನ್ನು ಬೆಂಕಿಗೆ ಹಿಡಿದೇ ಬಳಸುತ್ತಿದ್ದರು. ಅಂದೂ ಬಿಡಲಿಲ್ಲ. ಮಗಳು ಅಳುತ್ತಲೇ ಒಲೆಯ ಮೇಲೆ ಕಾಯಿಸಿ, ಆರಿಸಿ ತಂದಳು. ಅವರ ಕೈ ನಿಲ್ಲುತ್ತಿರಲಿಲ್ಲ. ನಾನು ಮಣಿಕಟ್ಟು ಹಿಡಿದುಕೊಂಡೆ. ಬಿಳಿ ಗೊಂಚಲು ಹೊದಿಕೆಯ ಮೇಲೆ ಬಿತ್ತು. ಅವರು ಅದನ್ನು ನೋಡಲಿಲ್ಲ, ಕತ್ತರಿಸಿದ ಗೆಣ್ಣನ್ನು ನೋಡಿದರು. “ಒಂದು ವಾರ ನೀರು ಬೇಡ” ಎಂದು ಕಣ್ಣು ಮುಚ್ಚಿದರು.

ನನ್ನೊಂದಿಗೆ ಅವರಾಡಿದ ಕೊನೆಯ ಮಾತು ಅದೇ. ಒಂಬತ್ತನೇ ದಿನ ಹೋಗಿಬಿಟ್ಟರು. ಮಣ್ಣು ಮಾಡಿ ಬಂದವರೆಲ್ಲ ಊಟಕ್ಕೆ ಕೂತಾಗ ನಾನು ಟೆರೇಸಿನಲ್ಲಿ ಕೂತು ಅತ್ತೆ. ಪ್ರೀತಿಯಿಂದಲೇ ಅವರನ್ನು ನೋಯಿಸಿ ಕಳಿಸಿದೆನಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ಉಳಿದ ಗಿಡಗಳನ್ನು ಮಗಳು ಅವರ ಆರ್ಕಿಡ್ ಸ್ನೇಹಿತರಿಗೆ ಹಂಚಿದಳು. ಇದೊಂದು ನನ್ನ ಬಾಗಿಲಲ್ಲೇ ಉಳಿಯಿತು. ಮಳೆಗಾಲದಲ್ಲಿ ಒಂದು ಚಿಗುರು ಬಂತು, ಹಳೆಯದೊಂದು ಒಣಗಿತು. ಮತ್ತೆ ಎರಡೇ ಕಡ್ಡಿ.

ಈ ವರ್ಷ ಮೊದಲ ಪುಣ್ಯಸ್ಮರಣೆಗೆ ಹದಿನೈದು ದಿನವಿರುವಾಗ ಮತ್ತೆ ಮೊಗ್ಗು ಕಂಡಿತು. ಫೋನಿನಲ್ಲಿ ಮಗಳಿಗೆ ಹೇಳಿದೆ. “ಅಮ್ಮನ ಫೋಟೋಕ್ಕೆ ಅದನ್ನೇ ಇಡೋಣ ಕಣ್ರಿ, ಬೇರೇನೂ ಬೇಡ” ಎಂದಳು. ಅವಳ ದನಿಯಲ್ಲಿ ಎಷ್ಟು ಆಸೆಯಿತ್ತೆಂದರೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಮೂರು ದಿನ ಮೊಗ್ಗಿನ ಮುಂದೆ ನಿಂತು ನಿಂತು ಆಫೀಸಿಗೆ ಹೋದೆ. ನಾಲ್ಕನೇ ದಿನ ಬೆಳಿಗ್ಗೆ ಚಿವುಟಿದೆ. ಕಾಳುಮೆಣಸಿನಷ್ಟಿತ್ತು, ಉಗುರು ತಾಗಿಸಿದ್ದಷ್ಟೇ. ಆಮೇಲೆ ಫೋನ್ ಮಾಡಿ ತಿಳಿಸಿದೆ. ಅವಳು ಫೋನ್ ಇಟ್ಟುಬಿಟ್ಟಳು.

ಪುಣ್ಯಸ್ಮರಣೆಯ ದಿನ ಫೋಟೋಕ್ಕೆ ಸೇವಂತಿಗೆ ಹಾರ ಹಾಕಿದ್ದಳು. ನನ್ನ ಜೊತೆ ಮಾತಾಡಿರಲಿಲ್ಲ. ನೆಂಟರೊಬ್ಬರು ಕೈಮುಗಿದು ಎದ್ದವರೇ, “ಅಷ್ಟೊಂದು ಆರ್ಕಿಡ್ ಬೆಳೆಸಿದೋರು, ಅವರ ಫೋಟೋಗೆ ಒಂದೂ ಇಲ್ವಲ್ಲ?” ಎಂದರು. ನಾನು ತಲೆ ತಗ್ಗಿಸಿದೆ.

“ಅಮ್ಮ ಬೇಡ ಅಂದಿದಾರೆ,” ಎಂದಳು ಮಗಳು.